ಬುಧವಾರದ ಸಂಚಿಕೆ ತೂಗುವುದು

ಅಮೆರಿಕದಲ್ಲಿ ಹೊಸ ಕಾಮಿಕ್ಸ್ ಅಂಗಡಿಗೆ ಬರುವ ದಿನ ಬುಧವಾರ. ಬ್ಯಾಟ್‌ಮನ್ ಕಾಮಿಕ್ಸ್ ಹೊರತರುವ ಡಿಸಿ ಕಂಪನಿ ನಡುವೆ ಕೆಲವು ವರ್ಷ ಮಂಗಳವಾರಕ್ಕೆ ಹೊರಳಿತ್ತು, 2024ರ ಜುಲೈನಲ್ಲಿ ಮತ್ತೆ ಬುಧವಾರಕ್ಕೇ ಬಂತು. ನ್ಯೂಜೆರ್ಸಿಯಲ್ಲಿ ನೆಲೆಸಿದ ಮೇಲೆ ನನ್ನ ವಾರವೂ ಹಾಗೇ ಹೊಂದಿಕೊಂಡಿದೆ. ಆಫೀಸು ಮುಗಿಸಿ, ಮಗಳನ್ನು ಹತ್ತಿಸಿಕೊಂಡು ಅಂಗಡಿಗೆ ಹೋಗುತ್ತೇನೆ. ಅವಳು ಹೈಸ್ಕೂಲಿನಲ್ಲಿದ್ದಾಳೆ, ಚಿತ್ರ ಬರೆಯುತ್ತಾಳೆ. ನನಗೆ ಕಥೆಯ ಹುಚ್ಚು. ಹೀಗಾಗಿ ಒಂದೇ ಸಂಚಿಕೆಯನ್ನು ನಾವಿಬ್ಬರೂ ಎರಡು ತುದಿಯಿಂದ ಹಿಡಿದು ನೋಡುತ್ತೇವೆ.

2024ರ ಅಕ್ಟೋಬರ್ 23ರಂದು ನಾವು ತಂದದ್ದು 'ಅಬ್ಸೊಲ್ಯೂಟ್ ವಂಡರ್ ವುಮನ್' ಮೊದಲ ಸಂಚಿಕೆ. ಅದಕ್ಕೆ ಎರಡು ವಾರ ಮೊದಲು, ಅಕ್ಟೋಬರ್ 9ಕ್ಕೆ, 'ಅಬ್ಸೊಲ್ಯೂಟ್ ಬ್ಯಾಟ್‌ಮನ್' ಬಂದಿತ್ತು. ಡಿಸಿಯ ಈ 'ಅಬ್ಸೊಲ್ಯೂಟ್' ಮಾಲಿಕೆಯ ಹೂಟವೇ ಗಟ್ಟಿಯಾದದ್ದು. ನಾಯಕರಿಗೆ ಹುಟ್ಟಿನಿಂದ ಸಿಕ್ಕ ಅನುಕೂಲಗಳನ್ನೆಲ್ಲ ಕಿತ್ತುಕೊಂಡು, ಆಮೇಲೂ ಅವರು ಅವರೇ ಆಗಿ ಉಳಿಯುತ್ತಾರೋ ನೋಡುವುದು. ಬ್ಯಾಟ್‌ಮನ್ ಆಗುವ ಬ್ರೂಸ್ ವೇನ್‌ಗೆ ಬಂಗಲೆಯಿಲ್ಲ, ಆಸ್ತಿಯಿಲ್ಲ. ತಂದೆ ಶಾಲಾ ಮಾಸ್ತರರಾಗಿದ್ದರು, ತಾಯಿ ಬದುಕಿದ್ದಾಳೆ, ಅವನು ದುಡಿದು ತಿನ್ನುವ 24ರ ಹುಡುಗ. ವಂಡರ್ ವುಮನ್ ಆಗುವ ಡಯಾನಾಗೆ ಅಮ್ಮನಿಲ್ಲ, ಅಮೆಜಾನ್ ಯೋಧೆಯರ ದ್ವೀಪವೂ ಇಲ್ಲ. ಆ ಕುಲದ ಕೊನೆಯ ಕೂಸಾದ ಅವಳನ್ನು ನರಕದಲ್ಲಿರುವ ಮಾಟಗಾತಿ ಸರ್ಸಿಯ ಕೈಗೆ ಹಾಕುತ್ತಾರೆ, ಅವಳೇ ಸಾಕುತ್ತಾಳೆ.

ಊಟವಾದ ಮೇಲೆ ಮೇಜು ಒರೆಸಿ ಎರಡನ್ನೂ ಅಕ್ಕಪಕ್ಕ ಹರಡಿದೆವು. ಹೊಸ ಸಂಚಿಕೆ ತೂಗಲು ನನ್ನದೊಂದು ಕ್ರಮವಿದೆ. ಮೊದಲ ಸುತ್ತಿನಲ್ಲಿ ಒಂದಕ್ಷರವನ್ನೂ ಓದದೆ, ಚಿತ್ರವನ್ನಷ್ಟೇ ನೋಡುತ್ತ ಕೊನೆವರೆಗೆ ಹೋಗುವುದು. ಯಾರು ಯಾರಿಗೆ ಹೆದರುತ್ತಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ, ಈಗ ಯಾವ ಹೊತ್ತು, ಇಷ್ಟೂ ಚಿತ್ರದಿಂದಲೇ ತಿಳಿದರೆ ಚಿತ್ರಕಾರ ತನ್ನ ಕೆಲಸ ಮಾಡಿದ್ದಾನೆ. ಎರಡನೇ ಸುತ್ತಿನಲ್ಲಿ ಮಾತಿನ ಗುಳ್ಳೆಗಳನ್ನು ಮಾತ್ರ ಓದುವುದು. ಮಾತು ನಾಲಿಗೆಗೆ ಹೊರಳುತ್ತದೋ, ಎಲ್ಲ ಪಾತ್ರಗಳಿಗೂ ಒಂದೇ ಗಂಟಲೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ಮೂರನೆಯದು ನಿಜವಾದ ಓದು. ಮೊದಲೆರಡರಲ್ಲಿ ಸಿಗದ ಏನೋ ಒಂದು ಮೂರನೆಯದರಲ್ಲಿ ಸಿಗಬೇಕು. ಸಿಗದಿದ್ದರೆ ಚಿತ್ರವೂ ಕಥೆಯೂ ಒಂದೇ ಪುಟದಲ್ಲಿ ಬೇರೆಬೇರೆ ಸಂಸಾರ ಹೂಡಿವೆ ಎಂದರ್ಥ.

ಬ್ಯಾಟ್‌ಮನ್ ಮೊದಲ ಸುತ್ತಿನಲ್ಲೇ ನನ್ನನ್ನು ಗೆದ್ದಿತು. ಚಿತ್ರಕಾರ ನಿಕ್ ಡ್ರಗೋಟಾ ಬರೆದ ಆ ದೇಹವನ್ನು ನೋಡಬೇಕು. ಎಮ್ಮೆಯ ಭುಜ, ಪುಟದ ಅಂಚಿಗೆ ತಾಗುವ ಅಗಲ. ಎದೆಯ ಬಾವಲಿ ಲಾಂಛನ ಕಳಚಿದರೆ ಅದೇ ಕೊಡಲಿಯ ಅಲಗು. ದುಡ್ಡಿಲ್ಲದವನು ಮೈಯನ್ನೇ ಆಯುಧ ಮಾಡಿಕೊಂಡಿದ್ದಾನೆ ಎಂಬ ವಿಚಾರ ಒಂದೂ ಮಾತಿಲ್ಲದೆ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಸ್ಕಾಟ್ ಸ್ನೈಡರ್ ಬರವಣಿಗೆಗೆ ಬಂದೆ. ಇಲ್ಲಿ ಆಲ್‌ಫ್ರೆಡ್ ಹಳೆಯ ಕಥೆಗಳಂತೆ ಬ್ರೂಸ್ ಮನೆಯ ಬಟ್ಲರ್ ಅಲ್ಲ, ಬ್ರಿಟಿಷ್ ಗೂಢಚಾರ. ದೂರದಿಂದ ಗಮನಿಸುತ್ತ ನಿರೂಪಣೆ ಮಾಡುತ್ತಾನೆ. ಉಪಾಯ ಒಳ್ಳೆಯದು, ಈ ಹೊಸ ಬ್ಯಾಟ್‌ಮನ್ ಯಾರೆಂದು ಓದುಗರಂತೆ ಅವನೂ ಆಗತಾನೆ ತಿಳಿದುಕೊಳ್ಳುತ್ತಿದ್ದಾನೆ. ಆದರೆ ಕೆಲವೆಡೆ ಚಿತ್ರ ಆಗಲೇ ಹೇಳಿ ಮುಗಿಸಿದ್ದನ್ನು ನಿರೂಪಣೆಯ ಪೆಟ್ಟಿಗೆ ಮತ್ತೆ ಹೇಳುತ್ತದೆ. ಆ ಕೊಡಲಿಯ ಮೇಲೆ ನನಗೆ ವ್ಯಾಖ್ಯಾನ ಬೇಕಿರಲಿಲ್ಲ.

"ಚಿತ್ರ ಇಷ್ಟು ಚಲೋ ಇದ್ಮೇಲೆ ಮಾತು ಸ್ವಲ್ಪ ಹೆಚ್ಚಾದ್ರೆ ಏನಮ್ಮ? ಜನ ಕೊಳ್ಳೋದು ಚಿತ್ರ ನೋಡಿ" ಎಂದಳು ಮಗಳು.

"ಕೊಳ್ಳೋದು ಚಿತ್ರ ನೋಡಿ ಇರಬಹುದು, ಎರಡನೇ ತಿಂಗಳು ವಾಪಸ್ ಬರೋದು ಕಥೆಗೆ" ಎಂದೆ.

"ಹಾಗಾದ್ರೆ ಕಿರ್ಬಿ ಕಾಲದ್ದನ್ನ ಈಗ್ಲೂ ಯಾಕೆ ಓದ್ತೀಯ?"

ಅವಳು ಸರಿಯಾದ ಕಡೆಗೇ ಕೈ ಹಾಕಿದ್ದಳು. 1960ರ ದಶಕದಲ್ಲಿ ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನಲ್ಲಿ ಪೂರ್ತಿ ಸ್ಕ್ರಿಪ್ಟ್ ಬರೆದುಕೊಡುವ ಪದ್ಧತಿಯೇ ಇರಲಿಲ್ಲ ಎನ್ನಬಹುದು. ಅಲ್ಲಿನ ಸಂಪಾದಕ, ಲೇಖಕ ಸ್ಟ್ಯಾನ್ ಲೀ ಜೊತೆ ಕಥೆಯ ಎಳೆಯ ಬಗ್ಗೆ ಮಾತಾಗುತ್ತಿತ್ತು. ಚಿತ್ರಕಾರರಾದ ಜ್ಯಾಕ್ ಕಿರ್ಬಿಯೋ ಸ್ಟೀವ್ ಡಿಟ್ಕೋವೋ ಅದನ್ನು ಪುಟಪುಟವಾಗಿ ಬಿಡಿಸಿ ತರುತ್ತಿದ್ದರು, ಮಾತು ಕೂರುತ್ತಿದ್ದದ್ದು ಆಮೇಲೆ. ಯಾವ ಘಟನೆಗೆ ಎಷ್ಟು ಪ್ಯಾನೆಲ್ (ಪುಟದಲ್ಲಿನ ಒಂದೊಂದು ಚಿತ್ರದ ಚೌಕ), ಎಲ್ಲಿ ತಿರುವು, ಯಾರ ಮುಖ ಹತ್ತಿರ, ಇದನ್ನೆಲ್ಲ ತೀರ್ಮಾನಿಸಿದವರು ಚಿತ್ರಕಾರರು. ಹಾಗಿದ್ದೂ 'ಬರೆದವರು' ಎಂಬ ಜಾಗದಲ್ಲಿ ಅವರ ಹೆಸರು ಬೀಳುತ್ತಿರಲಿಲ್ಲ. ಡಿಟ್ಕೋಗೆ ಕಥಾಹಂದರದ ಮನ್ನಣೆ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಪುಟದಲ್ಲಿ ಅಚ್ಚಾದದ್ದು 1965ರಲ್ಲಿ. ಕಿರ್ಬಿಯ ಪಾಲು ಎಷ್ಟೆಂಬ ಜಗಳ ಅವರು ತೀರಿಕೊಂಡ ಮೇಲೂ ಕೋರ್ಟಿನವರೆಗೆ ಎಳೆಯಿತು. ಕಥೆಗೆ ಇಷ್ಟು ಅಂಕ, ಚಿತ್ರಕ್ಕೆ ಇಷ್ಟು ಅಂಕ ಎಂದು ಸಲೀಸಾಗಿ ಹಂಚುವವರನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಆ ಗೆರೆ ಎಳೆದ ಕಡೆಯಲ್ಲೇ ಜನರ ಅನ್ನ ಹೋಗಿದೆ.

ಈಗ ಹೆಚ್ಚಿನವರು ಪ್ಯಾನೆಲ್ ಪ್ಯಾನೆಲ್ ವಿವರಿಸುವ ಪೂರ್ಣ ಸ್ಕ್ರಿಪ್ಟನ್ನೇ ಬರೆಯುತ್ತಾರೆ. ಹಾಗಾಗಿ ತೂಗುವವರ ಕೆಲಸ ಸುಲಭವಾಯಿತು ಎಂದೇನಲ್ಲ. ಒಂದು ಮೌನದ ಪುಟ ಕಂಡರೆ, ಬೇಡವೆಂದು ಬಿಟ್ಟದ್ದು ಲೇಖಕಿಯೋ ಅಥವಾ ಚಿತ್ರ ನೋಡಿದ ಮೇಲೆ ಮಾತು ಹೊಡೆದುಹಾಕಿದರೋ ಹೊರಗಿನವರಿಗೆ ತಿಳಿಯುವ ದಾರಿಯಿಲ್ಲ. ತಿಳಿಯುವುದು ಒಂದೇ, ಆ ಪುಟದಲ್ಲಿ ಒಬ್ಬರು ಇನ್ನೊಬ್ಬರನ್ನು ನಂಬಿದ್ದಾರೆ. ನಾನು ತೂಗುವುದು ಆ ನಂಬಿಕೆಯನ್ನು.

ವಂಡರ್ ವುಮನ್ ಸಂಚಿಕೆಯಲ್ಲಿ ಅದು ಧಾರಾಳವಾಗಿತ್ತು. ಕೆಲ್ಲಿ ಥಾಂಪ್ಸನ್ ಬರವಣಿಗೆ, ಹೇಡನ್ ಶರ್ಮನ್ ಚಿತ್ರ. ಕಥೆ ಎರಡು ಕಾಲಗಳಲ್ಲಿ ಸಾಗುತ್ತದೆ. ಒಂದು ಕಡೆ ನರಕದಲ್ಲಿ ಬೆಳೆಯುವ ಮಗು, ಇನ್ನೊಂದು ಕಡೆ ರಾಕ್ಷಸರ ದಾಳಿಗೆ ಸಿಕ್ಕ ಗೇಟ್‌ವೇ ಸಿಟಿ. ಎಲುಬುಗೂಡಿನ ರೆಕ್ಕೆಕುದುರೆ ಏರಿ, ಮನುಷ್ಯನಷ್ಟುದ್ದದ ಕತ್ತಿ ಹಿಡಿದು ಡಯಾನಾ ಇಳಿದುಬರುತ್ತಾಳೆ. ನೋಟ ಅಷ್ಟು ಭೀಕರ. ಮಾತಾಡಿದರೆ ಮಾತ್ರ ಕರುಣೆ, ವಿನಯ. ಈ ಎಳೆದಾಟದಲ್ಲೇ ಇಡೀ ಪಾತ್ರ ನಿಂತಿದೆ. ಚಿತ್ರ ಮಾತ್ರ ನೋಡಿದರೆ ಅವಳು ಮೃತ್ಯುದೇವತೆ, ಮಾತು ಮಾತ್ರ ಓದಿದರೆ ಮನೆಯ ಒಳ್ಳೆಯ ಹುಡುಗಿ. ಎರಡೂ ಕೂಡಿದಾಗ ಮಾತ್ರ ಡಯಾನಾ. ಮಗು ಬೇಡವೆಂದಿದ್ದ ಸರ್ಸಿ ಮೆತ್ತಗಾಗುತ್ತ ತಾಯಿಯಾಗುವ ಭಾಗವನ್ನು ನಾನು ಮತ್ತೆ ಮತ್ತೆ ತಿರುವಿದೆ. 'ನನಗೆ ನಿನ್ನ ಮೇಲೆ ಪ್ರೀತಿ ಹುಟ್ಟಿತು' ಎಂದು ಬಾಯಿಬಿಟ್ಟು ಹೇಳಿಸುವ ಆಸೆ ಎಂಥ ಬರಹಗಾರರಿಗೂ ಬರುತ್ತದೆ, ಥಾಂಪ್ಸನ್ ಆ ಕೆಲಸವನ್ನು ಚಿತ್ರಕ್ಕೆ ಒಪ್ಪಿಸಿದ್ದಾರೆ.

ಮಗಳು ತೋರಿಸಿಕೊಟ್ಟದ್ದು ಶರ್ಮನ್ ಪುಟ ಕಟ್ಟುವ ಬಗೆ. ಪ್ಯಾನೆಲ್‌ಗಳು ಇಟ್ಟಿಗೆ ಜೋಡಿಸಿದಂತೆ ಇಲ್ಲ, ದೃಶ್ಯಕ್ಕೆ ತಕ್ಕ ಆಕಾರ ಪಡೆಯುತ್ತವೆ. ಇನ್ನು ಪುಟ ತಿರುವು. ಅಚ್ಚಿನ ಕಾಮಿಕ್ಸ್‌ನಲ್ಲಿ ಬೆಚ್ಚಿಬೀಳಿಸುವ ಚಿತ್ರ ಎಡಪುಟದಲ್ಲಿರಬೇಕು. ಬಲಪುಟದಲ್ಲಿಟ್ಟರೆ ಓರೆಗಣ್ಣಿಗೆ ಮೊದಲೇ ಸಿಕ್ಕಿ ಸತ್ತುಹೋಗುತ್ತದೆ. ಇದನ್ನು ಸ್ಕ್ರಿಪ್ಟ್ ಬರೆಯುವವರೇ ಪುಟದ ಸಂಖ್ಯೆ ಎಣಿಸಿ ಹೂಡಬೇಕು. ಹಾಗಾದರೆ ಆ ಬೆಚ್ಚು ಬರವಣಿಗೆಯೋ, ಚಿತ್ರವೋ? ಮಗಳು ಸುಮ್ಮನಾದಳು. ನನ್ನ ಬಳಿಯೂ ಉತ್ತರವಿರಲಿಲ್ಲ.

ಬಣ್ಣ ತುಂಬುವವರನ್ನೂ ಗುಳ್ಳೆಗೆ ಅಕ್ಷರ ಕೂರಿಸುವವರನ್ನೂ ಬಿಟ್ಟು ತೂಗುವುದು ದೊಡ್ಡ ಅನ್ಯಾಯ. ಬ್ಯಾಟ್‌ಮನ್‌ಗೆ ಬಣ್ಣ ಫ್ರ್ಯಾಂಕ್ ಮಾರ್ಟಿನ್, ಅಕ್ಷರ ಕ್ಲೇಟನ್ ಕೌಲ್ಸ್. ವಂಡರ್ ವುಮನ್‌ಗೆ ಬಣ್ಣ ಜೋರ್ಡಿ ಬೆಲ್ಲೇರ್, ಅಕ್ಷರ ಬೆಕ್ಕಾ ಕ್ಯಾರಿ. ಗುಳ್ಳೆ ಎಲ್ಲಿ ಕೂರುತ್ತದೋ ಕಣ್ಣು ಅಲ್ಲಿಗೆ ಹೋಗುತ್ತದೆ. ಒಂದು ಗುಳ್ಳೆ ತಪ್ಪಿ ಕೂತರೆ ಚಿತ್ರಕಾರನ ಒಂದು ದಿನದ ದುಡಿಮೆ ಮುಚ್ಚಿಹೋಗುತ್ತದೆ. ದಿನಕ್ಕೊಂದು ಪುಟ ಬರೆದರೂ ಇಪ್ಪತ್ತು ಚಿಲ್ಲರೆ ಪುಟಕ್ಕೆ ತಿಂಗಳು ಕಳೆಯುತ್ತದೆ, ಆದ್ದರಿಂದಲೇ ನಡುನಡುವೆ ಬೇರೆ ಚಿತ್ರಕಾರರು ಬಂದು ಹೆಗಲು ಕೊಡುವುದು.

ಆ ಮಾತು ಬಂದದ್ದಕ್ಕೆ ಮಗಳು ಪೆಟ್ಟಿಗೆಯಿಂದ ಆ ವರ್ಷದ ಏಪ್ರಿಲ್‌ನ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ನಾಲ್ಕನೇ ಸಂಚಿಕೆ ತಂದಳು. ಜೊನಾಥನ್ ಹಿಕ್ಮನ್ ಕಥೆ. ಮಾಲಿಕೆಯ ಚಿತ್ರಕಾರ ಮಾರ್ಕೊ ಕೆಕೆಟ್ಟೊ, ಈ ಸಂಚಿಕೆಗೆ ಚಿತ್ರ ಡೇವಿಡ್ ಮೆಸ್ಸಿನಾ. ಸ್ಪೈಡರ್‌ಮ್ಯಾನ್ ಆದ ಪೀಟರ್, ಅವನ ಹೆಂಡತಿ ಮೇರಿ ಜೇನ್, ಹ್ಯಾರಿ, ಹ್ಯಾರಿಯ ಹೆಂಡತಿ ಗ್ವೆನ್ ರಾತ್ರಿಯೂಟಕ್ಕೆ ಕೂತು ಮಾತಾಡುತ್ತಾರೆ, ಸಂಚಿಕೆಯ ಬಹುಪಾಲು ಅಷ್ಟೇ. ನಾನು ಹೊನ್ನಾವರದ ಕಡೆಯವಳು. ಅದನ್ನು ಓದುವಾಗ ನನಗೆ ತಾಳಮದ್ದಳೆ ನೆನಪಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥ ಹೇಳಿ ಯುದ್ಧ ಗೆಲ್ಲಬೇಕು. 'ಇದು ಲೇಖಕನ ಸಂಚಿಕೆ' ಎಂದು ನಾನು ಆತನಕ ವಾದಿಸುತ್ತಿದ್ದೆ.

ಮಗಳು ಕೈಯಿಂದ ಗುಳ್ಳೆಗಳನ್ನು ಮುಚ್ಚುತ್ತ ಹೋದಳು. ಒಬ್ಬರು ಮಾತಾಡುವಾಗ ಉಳಿದ ಮೂವರ ಕಣ್ಣು ಎಲ್ಲಿದೆ, ಯಾರ ಕೈ ಎಲ್ಲಿದೆ, ಇದನ್ನೇ ಒಂದೊಂದಾಗಿ ತೋರಿಸಿದಳು. "ನಾಲ್ಕು ಜನ ಕೂತಿದ್ದನ್ನ ಇಷ್ಟು ಪುಟ ಬೇಜಾರಾಗದ ಹಾಗೆ ಬರೆಯೋದು ಎಷ್ಟು ಕಷ್ಟ ಗೊತ್ತಾ ನಿಂಗೆ? ಹಾರೋದು, ಹೊಡೆಯೋದು ಸುಲಭ." ಸ್ವತಃ ಪೆನ್ಸಿಲ್ ಹಿಡಿಯುವವಳ ಮಾತು. ನಾನು ಒಪ್ಪಿದೆ, ಸಂತೋಷದಿಂದಲೇ.

ಈ ತೂಕಕ್ಕೆ ಅಂಗಡಿಯಲ್ಲೂ ಬೆಲೆಯಿದೆ. ಅಂಗಡಿಯವರು ತರಿಸಿಕೊಂಡ ಸಂಚಿಕೆ ಬಹುಮಟ್ಟಿಗೆ ವಾಪಸ್ ಹೋಗುವುದಿಲ್ಲ, ಮಾರಾಟವಾಗದೆ ಉಳಿದರೆ ನಷ್ಟ ಅವರದೇ. ಮುಂದಿನ ಸಂಚಿಕೆಗೆ ಎಷ್ಟು ಪ್ರತಿ ಎಂಬುದನ್ನು ಅವರು ವಾರಗಳ ಮೊದಲೇ ಹೇಳಬೇಕು. ಆ ಲೆಕ್ಕಕ್ಕೆ ಆಧಾರ ನಮ್ಮಂಥವರ ಪುಲ್ ಲಿಸ್ಟ್, ಅಂದರೆ ನಮ್ಮ ಹೆಸರಿಗೆ ಎತ್ತಿಡಿ ಎಂದು ಮೊದಲೇ ಬರೆಸಿಟ್ಟ ಮಾಲಿಕೆಗಳ ಪಟ್ಟಿ. ಬ್ಯಾಟ್‌ಮನ್ ಮೊದಲ ಸಂಚಿಕೆ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು, ಅದಕ್ಕೆ ನಮ್ಮ ಹಂಗಿಲ್ಲ. ಕಡಿಮೆ ಸದ್ದಿನ ಮಾಲಿಕೆಗಳು ಬದುಕುವುದು ಎರಡನೇ, ಮೂರನೇ ಸಂಚಿಕೆಗೆ ಹೆಸರು ಬರೆಸುವ ಓದುಗರಿಂದ. ಒಂದು ಸಂಚಿಕೆಗೆ ಐದು ಡಾಲರ್ ಹತ್ತಿರ ಬೀಳುತ್ತದೆ. ಎಲ್ಲವನ್ನೂ ಕೊಳ್ಳಲಾಗದು.

ಮಲಗುವ ಮುನ್ನ ಅಂಗಡಿಗೆ ಇಮೇಲ್ ಬರೆದೆವು. ವಂಡರ್ ವುಮನ್ ಇನ್ನು ಪ್ರತಿ ತಿಂಗಳು ನಮ್ಮ ಹೆಸರಿಗೆ ಎತ್ತಿಡಿ. ಬ್ಯಾಟ್‌ಮನ್ ಇರಲಿ, ಡ್ರಗೋಟಾ ಬರೆಯುವಷ್ಟು ಕಾಲ ಎಂದು ನಾನು, ಕೊನೆತನಕ ಎಂದು ಅವಳು. ಬಹಳ ವರ್ಷದಿಂದ ಅಭ್ಯಾಸಬಲದಿಂದ ಕೊಳ್ಳುತ್ತಿದ್ದ ಇನ್ನೊಂದು ಮಾಲಿಕೆಯನ್ನು ಪಟ್ಟಿಯಿಂದ ತೆಗೆಸಿದೆವು. ಅದರಲ್ಲಿ ಚಿತ್ರವೂ ಚೆನ್ನ, ಮಾತೂ ಚೆನ್ನ, ಆದರೆ ಮೂರನೇ ಸುತ್ತಿನಲ್ಲಿ ಹೊಸದಾಗಿ ಏನೂ ಸಿಗುತ್ತಿರಲಿಲ್ಲ.