ಕೆಳಮಹಡಿಯ ಡಾಕ್ಟರರು
ಅಮ್ಮನ ಬಿಪಿ ಮಾತ್ರೆಯ ಚೀಟಿ ಹುಡುಕುತ್ತಿದ್ದಾಗ 2025ರ ಸೆಪ್ಟೆಂಬರ್ 18 ನೆನಪಾಯಿತು. ಅಂದು ಮಹಾರಾಷ್ಟ್ರದ ಅಲೋಪತಿ ವೈದ್ಯರ ಒಂದು ದಿನದ ಮುಷ್ಕರ. ಡೊಂಬಿವಲಿಯ ನಮ್ಮ ಡಾಕ್ಟರರ ಬಾಗಿಲಿಗೂ ಬೀಗ. ಅಲೋಪತಿ ಔಷಧಗಳ ಬಗೆಗಿನ ಒಂದು ವರ್ಷದ ಸಿಸಿಎಂಪಿ ಕೋರ್ಸು ಮುಗಿಸಿದ ಹೋಮಿಯೋಪತಿ ವೈದ್ಯರನ್ನು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಬಾರದು ಎಂಬುದು ಅವರ ಪಟ್ಟು. ನಾನೂ ಅವರ ಕಡೆಯೇ. ಹೋಮಿಯೋಪತಿಗೂ ಐದೂವರೆ ವರ್ಷ ಓದಬೇಕು, ನಿಜ. ಆದರೆ ಓದಿದ್ದು ಬೇರೆ. ಅಮ್ಮನ ಕಿಡ್ನಿಯ ಸ್ಥಿತಿ ಗಮನಿಸದೆ ನೋವಿನ ಮಾತ್ರೆ ಬರೆದುಕೊಟ್ಟರೆ ಅನುಭವಿಸುವವಳು ಅವಳು ತಾನೆ?

ಹಾಗಿದ್ದರೂ ಕಳೆದ ಮಳೆಗಾಲದ ಒಂದು ರಾತ್ರಿ ಹನ್ನೊಂದಕ್ಕೆ, ಅವಳಿಗೆ ಜ್ವರ ಏರಿದಾಗ, ಬಾಗಿಲು ತೆರೆದದ್ದು ಕೆಳಮಹಡಿಯ ಹೋಮಿಯೋಪತಿಯವರೇ. ನಾಡಿ ಹಿಡಿದು ನೋಡಿ, ‘ಇದು ನನ್ನ ಕೈಯಲ್ಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಿ’ ಎಂದು ಮರಾಠಿಯಲ್ಲಿ ಹೇಳಿ, ಆಟೋ ಕೂಡ ಅವರೇ ಕರೆದರು. ಅಮ್ಮ ಇಂದಿಗೂ ‘ಡಾಕ್ಟರ್’ ಎಂದರೆ ಅವರನ್ನೇ ಹೇಳುವುದು.