ನೆಕೋಮಾದ ಪಿರಮಿಡ್ಡು, ಕೂಪರ್ಸ್‌ಟೌನಿನ ಬಯಲು

ಅಮೆರಿಕದ ನಾರ್ತ್ ಡಕೋಟಾದಲ್ಲಿ ಹೈವೇ 1 ಹಿಡಿದು ಉತ್ತರಕ್ಕೆ ಹೊರಟರೆ ಹೊಲಗಳ ಹೊರತು ಕಣ್ಣಿಗೆ ಹೆಚ್ಚೇನೂ ಬೀಳುವುದಿಲ್ಲ. ನೆಕೋಮಾ ಎಂಬ ಪುಟ್ಟ ಊರು ಸಮೀಪಿಸುವಾಗ ಮಾತ್ರ, ನೆತ್ತಿ ಕತ್ತರಿಸಿದ ಕಾಂಕ್ರೀಟ್ ಪಿರಮಿಡ್ಡೊಂದು ಬಯಲಿನ ನಡುವೆ ಏಳುತ್ತದೆ. ನೆಲದ ಮೇಲಿನ ಎತ್ತರ ಸುಮಾರು 24 ಮೀಟರ್ ಅಷ್ಟೇ. ಆದರೆ ಸುತ್ತಲಿನ ನೆಲ ಎಷ್ಟು ಸಪಾಟೆಂದರೆ ತುಂಬ ದೂರದಿಂದಲೇ ಕಾಣುತ್ತದೆ. ನಾಲ್ಕು ಓರೆಗೋಡೆಗಳಲ್ಲಿ ಒಂದೊಂದು ದೊಡ್ಡ ವೃತ್ತ. ಪ್ರತಿ ವೃತ್ತದಲ್ಲೂ ಸುಮಾರು 5,000 ಆಂಟೆನಾ ಬಿಂದುಗಳಿದ್ದವು. ತಿರುಗುವ ಭಾಗ ಒಂದೂ ಇಲ್ಲದೆ ನಾಲ್ಕು ದಿಕ್ಕಿಗೂ ನೋಡುತ್ತಿದ್ದ ರೇಡಾರ್ ಇದು.

ಸೇಫ್‌ಗಾರ್ಡ್ ಎಂಬ ಕ್ಷಿಪಣಿ ರಕ್ಷಣಾ ವ್ಯವಸ್ಥೆಯ ಕೇಂದ್ರ ಇದೇ. ಕಾಯಬೇಕಿದ್ದದ್ದು ಊರುಗಳನ್ನಲ್ಲ, ಗ್ರ್ಯಾಂಡ್ ಫೋರ್ಕ್ಸ್ ವಾಯುನೆಲೆಗೆ ಸೇರಿದ, ಹೊಲಗಳಡಿ ಹುದುಗಿದ್ದ, ಪರಮಾಣು ಸಿಡಿತಲೆಯ 150 ಮಿನಿಟ್‌ಮನ್ ಕ್ಷಿಪಣಿಗಳನ್ನು. ಅದಕ್ಕಾಗಿ ಎರಡು ಬಗೆಯ ಪ್ರತಿರೋಧಕಗಳಿದ್ದವು, ಅಂದರೆ ಬರುವ ಸಿಡಿತಲೆಯನ್ನು ದಾರಿಯಲ್ಲೇ ನಾಶಮಾಡುವ ಕ್ಷಿಪಣಿಗಳು: 30 ಸ್ಪಾರ್ಟನ್, 70 ಸ್ಪ್ರಿಂಟ್. ಸ್ಪಾರ್ಟನ್ ವಾತಾವರಣದಾಚೆ ಹೋಗಿ ಸುಮಾರು 5 ಮೆಗಾಟನ್ ಬಾಂಬು ಸಿಡಿಸಿ, ಅದರ ಎಕ್ಸ್-ಕಿರಣಗಳಿಂದ ಶತ್ರುವಿನ ಸಿಡಿತಲೆಯನ್ನು ಸುಡಬೇಕಿತ್ತು. 1971ರ ನವೆಂಬರ್ 6ರಂದು ಅಲಾಸ್ಕಾದ ಆಮ್ಚಿಟ್ಕಾ ದ್ವೀಪದ ನೆಲದಡಿ ಪರೀಕ್ಷಿಸಿದ್ದು ಇದೇ ಬಾಂಬನ್ನು.

ಸ್ಪ್ರಿಂಟ್‌ನ ಕತೆ ಇನ್ನೂ ವಿಚಿತ್ರ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲದ ಕಾರಣ, ರೇಡಾರನ್ನು ವಂಚಿಸಲು ಶತ್ರು ಬಿಡುವ ಹಗುರ ಬಲೂನೂ ಭಾರದ ಸಿಡಿತಲೆಯೂ ಒಂದೇ ವೇಗದಲ್ಲಿ ಸಾಗುತ್ತವೆ. ಯಾವುದು ನಕಲಿ ಎಂದು ರೇಡಾರ್‌ಗೆ ಗೊತ್ತಾಗುವುದು ಕಷ್ಟ. ಗಾಳಿ ಸೋಕಿದ ಮೇಲೆ ಹಗುರವಾದದ್ದು ಹಿಂದೆ ಬೀಳುತ್ತದೆ, ನಿಜವಾದದ್ದು ನುಗ್ಗಿ ಬರುತ್ತದೆ. ಅಲ್ಲಿಯವರೆಗೆ ಕಾದರೆ ಉಳಿಯುವುದು ಬೆರಳೆಣಿಕೆಯ ಸೆಕೆಂಡು. ಆದ್ದರಿಂದಲೇ ಶಂಕುವಿನಾಕಾರದ ಸ್ಪ್ರಿಂಟ್, ಹಾರಿದ 5 ಸೆಕೆಂಡಿನೊಳಗೆ ಶಬ್ದದ ಹತ್ತು ಪಟ್ಟು ವೇಗ ಮುಟ್ಟುವಂತೆ ಮಾಡಿದ್ದರು. ಅದರ ಮೂತಿಯಲ್ಲೂ ಪರಮಾಣು ಸಿಡಿತಲೆಯೇ ಇತ್ತು. ಎಂಜಿನಿಯರುಗಳ ಕೈಚಳಕಕ್ಕೆ ತಲೆದೂಗಲೇಬೇಕು, ಯೋಜನೆಗಲ್ಲ.

ಯಾಕೆಂದರೆ ಲೆಕ್ಕವೇ ಕೂಡುವುದಿಲ್ಲ. ಕ್ಷಿಪಣಿ ರಕ್ಷಣಾ ವ್ಯವಸ್ಥೆಗಳಿಗೆ ಮಿತಿ ಹಾಕಿದ 1972ರ ಎಬಿಎಂ ಒಪ್ಪಂದ ಮತ್ತು 1974ರ ಅದರ ತಿದ್ದುಪಡಿಯ ಪ್ರಕಾರ ಅಮೆರಿಕ, ಸೋವಿಯತ್ ಒಕ್ಕೂಟ ಎರಡಕ್ಕೂ ಒಂದೊಂದೇ ನೆಲೆ, ನೂರೇ ಪ್ರತಿರೋಧಕ. ಅಷ್ಟರಲ್ಲಿ ಒಂದೇ ಕ್ಷಿಪಣಿಗೆ ಹಲವು ಸಿಡಿತಲೆ ಕೂರಿಸುವ ಎಂಐಆರ್‌ವಿ ತಂತ್ರ ಬಂದಿತ್ತು. ಇಲ್ಲಿ ಒಂದು ಸಿಡಿತಲೆಗೆ ಒಂದು ಇಡೀ ಕ್ಷಿಪಣಿ ಖರ್ಚಾಗಬೇಕು, ಅಲ್ಲಿ ಒಂದು ಕ್ಷಿಪಣಿಯಲ್ಲೇ ಹಲವು ಸಿಡಿತಲೆ ಬರುತ್ತವೆ. ಸಾಲದ್ದಕ್ಕೆ, ಸ್ಪಾರ್ಟನ್ ಒಮ್ಮೆ ಸಿಡಿದರೆ ಮೇಲಿನ ಗಾಳಿ ಅಯಾನೀಕೃತಗೊಂಡು, ಅಂದರೆ ವಿದ್ಯುದಾವೇಶ ಪಡೆದು, ರೇಡಾರ್ ಅಲೆಗಳನ್ನೇ ಹೀರಿಕೊಳ್ಳುತ್ತದೆ. ಮೊದಲ ಹೊಡೆತಕ್ಕೇ ತನ್ನ ಕಣ್ಣು ತಾನೇ ಕುರುಡು ಮಾಡಿಕೊಳ್ಳುವ ಕಾವಲುಗಾರ. ಕೇಂದ್ರ ಪೂರ್ಣ ಪ್ರಮಾಣದಲ್ಲಿ ಚಾಲೂ ಆದದ್ದು 1975ರ ಅಕ್ಟೋಬರ್ 1ಕ್ಕೆ. ಮರುದಿನವೇ ಅಮೆರಿಕದ ಕೆಳಮನೆ ಇದನ್ನು ಮುಚ್ಚಲು ಮತ ಹಾಕಿತು. 1976ರ ಫೆಬ್ರುವರಿಯಲ್ಲಿ ಬೀಗ ಬಿತ್ತು.

ಈಗ ಒಳಗೆ ಹೋಗಲಾಗದು, ಜಾಗ ಖಾಸಗಿ. ಹೈವೇ ಅಂಚಿನಿಂದಲೇ ಫೋಟೊ ಚೆನ್ನಾಗಿ ಬರುತ್ತದೆ. ಇನ್ನಷ್ಟು ಹತ್ತಿರ ಹೋಗೋಣವೆಂದು ಮೊಬೈಲ್ ಮ್ಯಾಪ್ ತೋರಿಸುವ ಹೊಲದ ನಡುವಿನ ಮಣ್ಣುದಾರಿಗೆ ಮಾತ್ರ ಇಳಿಯಬೇಡಿ. ಮಳೆ ಬಂದ ಮರುದಿನ ಅಲ್ಲಿನ ಕರಿಮಣ್ಣು ಚಕ್ರವನ್ನು ಅಚ್ಚಿನವರೆಗೆ ನುಂಗುತ್ತದೆ. ಎಳೆಯಲು ಟ್ರ್ಯಾಕ್ಟರ್ ಬರುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಟ್ಯಾಂಕ್ ತುಂಬಿಸಿಕೊಂಡೇ ಬನ್ನಿ.

ಉತ್ತರದ ಲ್ಯಾಂಗ್ಡನ್ ಊರಿನ ಪಾರ್ಕಿನಲ್ಲಿ ಸ್ಪಾರ್ಟನ್ ಕ್ಷಿಪಣಿಯೊಂದನ್ನು ನಿಲ್ಲಿಸಿದ್ದಾರೆ, ಐದು ನಿಮಿಷ ಸಾಕು. ಈಶಾನ್ಯದಲ್ಲಿರುವ ಕ್ಯಾವಲಿಯರ್ ರೇಡಾರ್ ಸೇಫ್‌ಗಾರ್ಡ್‌ನದೇ ಭಾಗ. ಅದೊಂದು ಬದುಕಿದೆ, ಇಂದಿಗೂ ಉತ್ತರಕ್ಕೆ ಮುಖ ಮಾಡಿ ಕ್ಷಿಪಣಿ, ಉಪಗ್ರಹಗಳ ಮೇಲೆ ಕಣ್ಣಿಟ್ಟಿದೆ. ಪ್ರವಾಸಿಗರಿಗೆ ಅಲ್ಲೇನೂ ಇಲ್ಲ.

ನಿಜವಾಗಿ ಸಮಯ ಕೊಡಬೇಕಾದದ್ದು ದಕ್ಷಿಣಕ್ಕೆ ಸುಮಾರು ಎರಡು ಗಂಟೆ ದೂರದ ಕೂಪರ್ಸ್‌ಟೌನಿಗೆ. ಆ ಮಿನಿಟ್‌ಮನ್ ಕ್ಷಿಪಣಿಗಳಲ್ಲಿ ಕೆಲವನ್ನು ಹಾರಿಸಲೆಂದು ಊರಿನ ಉತ್ತರಕ್ಕೆ ಕಟ್ಟಿದ್ದ ಆಸ್ಕರ್-ಜೀರೋ ಹೊರಗಿನಿಂದ ಸಾಧಾರಣ ಮನೆಯಂತಿದೆ. ಲಿಫ್ಟಿನಲ್ಲಿ ಸುಮಾರು 15 ಮೀಟರ್ ಕೆಳಗಿಳಿದರೆ, ಆಘಾತ ತಡೆಯುವ ಕಂಬಗಳಿಗೆ ತೂಗುಬಿಟ್ಟ ನಿಯಂತ್ರಣ ಕೋಣೆ. ಇಬ್ಬರು ಅಧಿಕಾರಿಗಳ ಕುರ್ಚಿ, ಒಬ್ಬನೇ ಎರಡನ್ನೂ ತಿರುಗಿಸಲಾಗದಷ್ಟು ದೂರದಲ್ಲಿ ಎರಡು ಕೀಲಿ. ಚಳಿಗಾಲದಲ್ಲಿ ಹೋಗುವವರು ಮೊದಲೇ ಫೋನ್ ಮಾಡಿ ವೇಳೆ ಗೊತ್ತುಮಾಡಿಕೊಳ್ಳಿ.

ಅಲ್ಲಿ ಗುಂಪಿನಲ್ಲಿದ್ದ ಹುಡುಗನೊಬ್ಬ ಮಾರ್ಗದರ್ಶಕರನ್ನು ಕೇಳಿದ: "ಸರ್, ಕ್ಷಿಪಣಿ ಹಾರಿದ ಮೇಲೆ ವಾಪಸ್ ಕರೆಸಬಹುದಾ?"

"ಇಲ್ಲಪ್ಪ. ಆಗೋದೇ ಇಲ್ಲ."

"ಹಾಗಾದ್ರೆ ಇಲ್ಲಿದ್ದವನ್ನೆಲ್ಲ ಏನು ಮಾಡಿದ್ರಿ?"

ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಪಿರಮಿಡ್ಡಿಗಿಂತ ದೊಡ್ಡದು. ಮೊದಲು ಸಿಡಿತಲೆ, ಆಮೇಲೆ ಕ್ಷಿಪಣಿ ಹೊರಗೆ. ಬಳಿಕ ಸೈಲೋದ, ಅಂದರೆ ಕ್ಷಿಪಣಿ ಇಟ್ಟಿದ್ದ ನೆಲದಡಿಯ ಬಾವಿಯ, ಬಾಗಿಲು ತೆಗೆಯಬೇಕಿತ್ತು. ಪರಮಾಣು ಅಸ್ತ್ರ ಕಡಿತಕ್ಕೆಂದು ಎರಡೂ ಕಡೆ ಮಾಡಿಕೊಂಡ ಸ್ಟಾರ್ಟ್ ಒಪ್ಪಂದದಲ್ಲಿ ಇದಕ್ಕೂ ಅಳತೆಯಿತ್ತು: ಸ್ಫೋಟಿಸುವುದಾದರೆ ಕನಿಷ್ಠ 6 ಮೀಟರ್ ಆಳದವರೆಗೆ, ಅಗೆಯುವುದಾದರೆ 8 ಮೀಟರ್. ಗುಂಡಿಯನ್ನು ತಕ್ಷಣ ಮುಚ್ಚುವಂತಿರಲಿಲ್ಲ. ರಷ್ಯದ ಉಪಗ್ರಹಗಳು ನೋಡಿ ಖಚಿತಪಡಿಸಿಕೊಳ್ಳಲೆಂದು 90 ದಿನ ಬಾಯಿ ತೆರೆದೇ ಇರಬೇಕಿತ್ತು. ಹೀಗೆ ಒಂದೊಂದಾಗಿ ಒಡೆಯುತ್ತ, 2001ರ ಆಗಸ್ಟ್‌ಗೆ ಈ ಸೀಮೆಯ ಕೊನೆಯ ಸೈಲೋ ನೆಲಸಮವಾಯಿತು. ನೂರು ಪ್ರತಿರೋಧಕಗಳ ಕೋಟೆ ಕೆಲವೇ ತಿಂಗಳು ನಿಂತಿತು. ಅಳತೆಪಟ್ಟಿ ಹಿಡಿದು ಬರೆದ ಒಪ್ಪಂದ ಎದುರಾಳಿಯ ಕಣ್ಣೆದುರೇ ಕ್ಷಿಪಣಿಗಳನ್ನು ಹೊರಗೆ ತೆಗೆಸಿತು.

ಕೂಪರ್ಸ್‌ಟೌನಿನ ಪೂರ್ವಕ್ಕೆ ಉಳಿಸಿಕೊಂಡಿರುವ ಸೈಲೋ ಜಾಗ ನವೆಂಬರ್-33ರಲ್ಲಿ ಬೇಲಿ, ಕಾಂಕ್ರೀಟ್ ಹಾಸು, ಟನ್‌ಗಟ್ಟಲೆ ತೂಕದ ಮುಚ್ಚಳ ಮಾತ್ರ. ಉಳಿದ ಸೈಲೋಗಳಿದ್ದ ಕಡೆ ಬೋರ್ಡೂ ಇಲ್ಲ, ಬೆಳೆ ನಿಂತಿದೆ.

ನೆಕೋಮಾ, ಕೂಪರ್ಸ್‌ಟೌನ್ ಎರಡನ್ನೂ ಜೋಡಿಸುವ ತಾರೀಕುಗಳು ಇನ್ನೆರಡಿವೆ. 2002ರ ಜೂನ್ 13ರಂದು ಅಮೆರಿಕ ಎಬಿಎಂ ಒಪ್ಪಂದದಿಂದ ಹೊರಬಂದಿತು. ನೆಲದ ಕ್ಷಿಪಣಿಗಳಲ್ಲಿ ಹಲವು ಸಿಡಿತಲೆ ಇಡುವುದನ್ನೇ ನಿಷೇಧಿಸಬೇಕಿದ್ದ ಸ್ಟಾರ್ಟ್-2ಕ್ಕೆ ತಾನು ಬದ್ಧನಲ್ಲವೆಂದು ರಷ್ಯ ಸಾರಿದ್ದು ಜೂನ್ 14ರಂದು. ಆಮೇಲೆ ಅಲಾಸ್ಕಾದ ಫೋರ್ಟ್ ಗ್ರೀಲಿಯಲ್ಲಿ 40, ಕ್ಯಾಲಿಫೋರ್ನಿಯಾದಲ್ಲಿ 4 ಪ್ರತಿರೋಧಕಗಳು ಬಂದವು. ಬಾಂಬಿಲ್ಲದೆ ನೇರ ಡಿಕ್ಕಿ ಹೊಡೆಯುವಂಥವು. ಮೊದಲೇ ಏರ್ಪಡಿಸಿದ ಪರೀಕ್ಷೆಗಳಲ್ಲೇ ಅವು ಗುರಿ ಮುಟ್ಟಿದ್ದು ಹೆಚ್ಚುಕಮ್ಮಿ ಅರ್ಧದಷ್ಟು ಸಲ. ಬಲೂನಿನ ಸಮಸ್ಯೆ ಸ್ಪ್ರಿಂಟ್‌ನ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇದೆ.