ಸುಳೇಭಾವಿಯಿಂದ ಗೋಳಗುಮ್ಮಟಕ್ಕೆ, ಕ್ಲ್ಯಾಶ್ ಕೇಳುತ್ತ

ಬೆಳಗಾವಿಯಿಂದ ಬಾಗಲಕೋಟೆ ಮೇಲೆ ಹಾಯ್ದು ವಿಜಯಪುರ ಮುಟ್ಟಲು ಸುಮಾರು 225 ಕಿಲೋಮೀಟರ್. ಲಂಡನ್ನಿನ ಪಂಕ್ (ವೇಗದ, ಒರಟು ರಾಕ್) ಬ್ಯಾಂಡ್ ‘ದಿ ಕ್ಲ್ಯಾಶ್’ 1977ರಿಂದ 1982ರವರೆಗೆ ತಂದ ಐದು ಆಲ್ಬಮ್‌ಗಳನ್ನು ಒಂದಾದ ಮೇಲೊಂದು ಹಾಕಿದರೆ ಸುಮಾರು ಐದೂವರೆ ಗಂಟೆ. ಊಟ, ಚಹಾ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳುವ ಹೊತ್ತು ಎಲ್ಲ ಸೇರಿಸಿದರೆ ದಾರಿಗೂ ಹಾಡಿಗೂ ಸರಿಹೊಂದುತ್ತದೆ. ಈ ಬ್ಯಾಂಡಿನ ಉತ್ತಮ ಕಾಲ ಯಾವುದು ಎಂಬ ವಾದ ಅಭಿಮಾನಿಗಳಲ್ಲಿ ಇಂದಿಗೂ ಮುಗಿದಿಲ್ಲ. 1977 ಎನ್ನುವವರಿದ್ದಾರೆ. ಈ ದಾರಿಯಲ್ಲಿ ಕೇಳಿದವರಿಗೆ ಬೇರೆ ಉತ್ತರ ಸಿಗುತ್ತದೆ: 1979 ಮತ್ತು 1980. ವೇಗ ಅವರಿಗೆ ಮೊದಲಿನಿಂದಲೂ ಇತ್ತು; ಸ್ವರಗಳ ನಡುವೆ ಜಾಗ ಖಾಲಿ ಬಿಡುವುದನ್ನು ಅವರು ಕಲಿತದ್ದು ಆ ಎರಡು ವರ್ಷಗಳಲ್ಲಿ.

ಹೊರಡುವ ಹಿಂದಿನ ರಾತ್ರಿಯೇ ಹಾಡುಗಳನ್ನು ಫೋನಿಗೆ ಇಳಿಸಿಕೊಳ್ಳಬೇಕು. ಇಲ್ಲಿ ಆಗುವ ಮೊದಲ ತಪ್ಪೆಂದರೆ ಮೊದಲ ಆಲ್ಬಮ್‌ನ ಅಮೆರಿಕನ್ ಆವೃತ್ತಿಯನ್ನು ಇಳಿಸುವುದು. 1977ರ ಬ್ರಿಟಿಷ್ ಆವೃತ್ತಿಯಲ್ಲಿ 14 ಹಾಡುಗಳಿವೆ. ಅಮೆರಿಕದಲ್ಲಿ ಅದು ಹೊರಬಂದದ್ದು 1979ರಲ್ಲಿ. ನಾಲ್ಕು ಹಾಡು ತೆಗೆದು, ಆಮೇಲೆ ಬಿಡಿಯಾಗಿ ಬಂದ ಸಿಂಗಲ್‌ಗಳನ್ನು ತುರುಕಿ, ಕ್ರಮ ಬದಲಿಸಿ 15 ಮಾಡಿದರು. ಹಾಡುಗಳು ಕೆಟ್ಟವಲ್ಲ, ಆದರೆ ಎರಡು ವರ್ಷಗಳ ಬೆಳವಣಿಗೆ ಒಂದೇ ತಟ್ಟೆಯಲ್ಲಿ ಕಲಸಿಹೋಗುತ್ತದೆ. ಹಾಡಿನ ಕ್ರಮ ಕಲಸುವ ಶಫಲ್ ಬಂದ್ ಮಾಡಬೇಕು. ಡೀಲಕ್ಸ್ ಆವೃತ್ತಿಗಳ ಬೋನಸ್ ಹಾಡುಗಳನ್ನು ಪಟ್ಟಿಯಿಂದ ತೆಗೆಯಬೇಕು. ಕಾರಿನ ಸ್ಟೀರಿಯೋದಲ್ಲಿ ಬಾಸ್ ಬೂಸ್ಟ್ ಬೇಡ: ಡೀಸೆಲ್ ಎಂಜಿನ್ನಿನ ಗುಂಯ್‌ಗುಡುವಿಕೆ ಇರುವುದೂ ಅದೇ ಕೆಳಸ್ವರದ ಜಾಗದಲ್ಲಿ, ಎರಡೂ ಸೇರಿದರೆ ಬಾಸ್ ಗಿಟಾರಿನ ಸ್ವರಗಳು ಬಿಡಿಬಿಡಿಯಾಗಿ ಕೇಳುವುದಿಲ್ಲ.

ಹಾಡು ಶುರುವಾಗಬೇಕಾದ್ದು ಬೆಳಗಾವಿಯಲ್ಲಲ್ಲ, ಸುಳೇಭಾವಿಯಲ್ಲಿ. ಸಾಂಬ್ರಾ ಕಡೆಯ ಈ ಊರಲ್ಲಿ ಹಿಂದುಸ್ತಾನಿ ಗಾಯಕ ಪಂಡಿತ ಕುಮಾರ ಗಂಧರ್ವರು ಹುಟ್ಟಿದ್ದು 1924ರ ಏಪ್ರಿಲ್ 8ರಂದು. ಕ್ಲ್ಯಾಶ್‌ನ ಮೊದಲ ಆಲ್ಬಮ್ ಬಂದದ್ದು 1977ರ ಏಪ್ರಿಲ್ 8ರಂದು. ಇದು ಬರೀ ಕಾಕತಾಳೀಯವೇ. ಆದರೂ ದಾರಿಯನ್ನು ಇಲ್ಲಿಂದ ಹಿಡಿಯಲು ಇನ್ನೊಂದು ಕಾರಣವಿದೆ. ಕ್ಷಯದಿಂದ ಒಂದು ಶ್ವಾಸಕೋಶದ ಬಲ ಹೋದ ಮೇಲೆ, ಹಲವು ವರ್ಷ ಹಾಡದೆ ಕಳೆದು, ಮಧ್ಯಪ್ರದೇಶದ ದೇವಾಸದಿಂದ ಮರಳಿ ಎದ್ದ ಆ ಕಂಠ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಾಡಿತು. ನಡುವಿನ ಮೌನವನ್ನೂ ರಾಗದ ಭಾಗ ಮಾಡಿಕೊಂಡಿತು. ಮೌನ ಹಾಡಿನೊಳಗೆ ಏನು ಕೆಲಸ ಮಾಡುತ್ತದೆ ಎಂಬುದು ಗೊತ್ತಿರುವ ನೆಲ ಇದು.

ಮೊದಲ ಆಲ್ಬಮ್ 35 ನಿಮಿಷ. ನೇಸರಗಿ ಹತ್ತಿರವಾಗುವಷ್ಟರಲ್ಲಿ ಮುಗಿಯುತ್ತದೆ. ಸುಮಾರು ನಾಲ್ಕು ಸಾವಿರ ಪೌಂಡಿನಲ್ಲಿ, ವಾರಾಂತ್ಯಗಳಲ್ಲಿ ಮುಗಿಸಿದ ಧ್ವನಿಮುದ್ರಣ. ಮುಖ್ಯ ಹಾಡುಗಾರ ಜೋ ಸ್ಟ್ರಮರ್ ಎಡಗೈಯವನು. ಆದರೆ ಬಲಗೈಯಿಂದ ಗಿಟಾರ್ ನುಡಿಸುತ್ತಿದ್ದ. ಹಾಗಾಗಿ ನಾಜೂಕಿನ ಬೆರಳಾಟ ಅವನ ಪಾಲಿಗೆ ಬರಲಿಲ್ಲ, ತಂತಿಯ ಮೇಲೆ ಕುಟ್ಟಿದ ಹಾಗೆ ಪೆಟ್ಟು. ಮೇಲುಸ್ವರದ ಗಿಟಾರ್ ಕೆಲಸವೆಲ್ಲ ಮಿಕ್ ಜೋನ್ಸ್‌ನದು. ಪಾಲ್ ಸಿಮನನ್ ಬಾಸ್ ಹಿಡಿದದ್ದೇ ಹೊಸದಾಗಿ. ಸ್ವರಗಳ ಜಾಗ ನೆನಪಿರಲೆಂದು ಬೆರಳೂರುವ ಫ್ರೆಟ್ ಪಟ್ಟಿಯ ಮೇಲೆ ಅಕ್ಷರ ಬರೆದುಕೊಂಡಿದ್ದ. ಹಾಡುಗಳು ಎರಡು ನಿಮಿಷದ ಆಸುಪಾಸು. ಒಂದು ಮಾತ್ರ ಆರು ನಿಮಿಷ ಓಡುತ್ತದೆ: ಜಮೈಕಾದ ಜೂನಿಯರ್ ಮರ್ವಿನ್ 1976ರಲ್ಲಿ ಹಾಡಿದ್ದ ರೆಗ್ಗೆ ಹಾಡು, ‘ಪೊಲೀಸ್ ಆ್ಯಂಡ್ ಥೀವ್ಸ್’. ಕಿವಿ ಇಲ್ಲಿ ನಿಲ್ಲಬೇಕು. ಆಗ ಲಂಡನ್ನಿನ ಪಂಕ್ ಕ್ಲಬ್ಬಾದ ರಾಕ್ಸಿಯಲ್ಲಿ ಡಿಜೆ ಡಾನ್ ಲೆಟ್ಸ್ ರೆಗ್ಗೆ ಹಾಕುತ್ತಿದ್ದ, ಏಕೆಂದರೆ ಹಾಕಲು ಪಂಕ್ ರೆಕಾರ್ಡುಗಳೇ ಇನ್ನೂ ಹೆಚ್ಚು ಇರಲಿಲ್ಲ. ಆ ಕೊರತೆಯಿಂದ ಒಂದು ಪೀಳಿಗೆಯ ಕಿವಿ ತಯಾರಾಯಿತು. ಬ್ಯಾಂಡಿನ ಮುಂದಿನ ನಾಲ್ಕು ವರ್ಷಗಳ ಬೀಜ ಈ ಆರು ನಿಮಿಷದಲ್ಲಿದೆ.

ನೇಸರಗಿಯಿಂದ ಯರಗಟ್ಟಿವರೆಗೆ 1978ರ ಎರಡನೆಯ ಆಲ್ಬಮ್, 37 ನಿಮಿಷ. ಅಮೆರಿಕದ ನಿರ್ಮಾಪಕ ಸ್ಯಾಂಡಿ ಪರ್ಲ್‌ಮನ್ ಗಿಟಾರಿನ ಮೇಲೆ ಗಿಟಾರ್ ಪೇರಿಸಿ ಗೋಡೆ ಕಟ್ಟಿದ್ದಾನೆ. ಟಾಪರ್ ಹೆಡನ್ ಡ್ರಮ್ಸಿಗೆ ಬಂದದ್ದೊಂದೇ ಇದರ ದೊಡ್ಡ ಲಾಭ. ಉಸಿರಾಡಲು ಸಂದೇ ಇಲ್ಲ.

ಯರಗಟ್ಟಿಯಲ್ಲಿ ಚಹಾ. ನವೆಂಬರಿನಿಂದ ಮಾರ್ಚಿನವರೆಗೆ ಹೊರಟರೆ ಇಲ್ಲಿಂದ ಮುಂದೆ ಜೋಡಿ ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ಸಿಗುತ್ತವೆ. ಹಗಲಲ್ಲಿ ತಾಳ್ಮೆ ಇದ್ದರೆ ಸಾಕು. ಕತ್ತಲಾದ ಮೇಲೆ ಅಪಾಯ: ಹಿಂದಿನ ಟ್ರೇಲರಿಗೆ ದೀಪವಾಗಲಿ ರಿಫ್ಲೆಕ್ಟರಾಗಲಿ ಇಲ್ಲದಿರುವುದೇ ಹೆಚ್ಚು, ಅಡ್ಡ ಚಾಚಿದ ಕಬ್ಬು ಮೊದಲು ಗಾಜಿಗೆ ತಾಗುತ್ತದೆ. ಬೆಳಗ್ಗೆ ಆರಕ್ಕೇ ಬೆಳಗಾವಿ ಬಿಡುವುದು ಇದಕ್ಕಾಗಿಯೇ.

ಯರಗಟ್ಟಿಯಿಂದ ಲೋಕಾಪುರ, ಕಲಾದಗಿ ದಾಟಿ ಬಾಗಲಕೋಟೆ ಸೇರುವವರೆಗೆ ‘ಲಂಡನ್ ಕಾಲಿಂಗ್’, 65 ನಿಮಿಷ. ಬೆಳಗಾವಿ ಸೀಮೆಯ ಹಸಿರು ಹಿಂದೆ ಸರಿದು ದಿಗಂತ ದೂರ ಹೋಗುವುದೂ ಇಲ್ಲೇ. 1979ರ ಬೇಸಿಗೆಯಲ್ಲಿ ನಾಲ್ವರೂ ಪಿಮ್ಲಿಕೋದ ವೆನಿಲಾ ಎಂಬ ತಾಲೀಮು ಕೋಣೆ ಸೇರಿ, ರಾಕಬಿಲಿ, ಸ್ಕಾ, ರೆಗ್ಗೆ, ಜ್ಯಾಝ್ ಎಲ್ಲ ಶೈಲಿಗಳನ್ನೂ ನುಡಿಸಿ ನೋಡಿದರು. ನಂತರ ವೆಸೆಕ್ಸ್ ಸ್ಟುಡಿಯೋದಲ್ಲಿ ನಿರ್ಮಾಪಕ ಗೈ ಸ್ಟೀವನ್ಸ್ ಕುರ್ಚಿ ಎಸೆಯುತ್ತ, ಏಣಿ ಬೀಸುತ್ತ ಅವರನ್ನು ಹುರಿದುಂಬಿಸಿದ. ಡಿಸೆಂಬರ್ 14ರಂದು ಎರಡು ರೆಕಾರ್ಡ್ ತಟ್ಟೆಯ ಆಲ್ಬಮ್ ಒಂದರ ಬೆಲೆಗೆ ಮಾರುಕಟ್ಟೆಗೆ ಬಂತು.

ಕೇಳುವ ಕ್ರಮ ಹೀಗಿರಲಿ: ಮೊದಲ ಸಲ ಹಾಡುಗಾರನನ್ನು ಬಿಟ್ಟು ಬಾಸ್ ಹಿಂದೆ ಹೋಗಿ. ಫ್ರೆಟ್ ಮೇಲೆ ಅಕ್ಷರ ಬರೆದುಕೊಂಡಿದ್ದ ಸಿಮನನ್ ಎರಡೂವರೆ ವರ್ಷದಲ್ಲಿ ಸ್ವಂತ ರೆಗ್ಗೆ ಹಾಡು ಕಟ್ಟಿ ತಾನೇ ಹಾಡಿದ್ದಾನೆ; ‘ದಿ ಗನ್ಸ್ ಆಫ್ ಬ್ರಿಕ್ಸ್‌ಟನ್’ ನಿಂತಿರುವುದೇ ಬಾಸ್ ಮೇಲೆ. ಗಿಟಾರ್ ಆಗಾಗ ಬಂದು ಕತ್ತರಿಸಿ ಹೋಗುತ್ತದೆ. ಟಾಪರ್ ಪೆಟ್ಟು ಕೊಡುವುದಕ್ಕಿಂತ ತಡೆಹಿಡಿಯುವುದರಲ್ಲಿ ಹೆಚ್ಚು ಕೆಲಸ ಮಾಡುತ್ತಾನೆ. ಕೊನೆಯ ಹಾಡು ‘ಟ್ರೇನ್ ಇನ್ ವೇನ್’ ಮೊದಲ ಮುದ್ರಣದ ಹೊದಿಕೆಯ ಪಟ್ಟಿಯಲ್ಲೇ ಇರಲಿಲ್ಲ. ಹೊದಿಕೆ ಅಚ್ಚಾದ ಮೇಲೆ ಸೇರಿದ ಹಾಡು ಅದು. ಹಳೆಯ ಪಟ್ಟಿ ನೋಡಿ ಫೈಲ್ ಜೋಡಿಸಿಕೊಂಡವರು ಅದನ್ನು ಕಳೆದುಕೊಳ್ಳುತ್ತಾರೆ, ಎಣಿಕೆ 19 ಇದೆಯೇ ನೋಡಿ. ಹೊದಿಕೆಯ ಚಿತ್ರದಲ್ಲಿ ಸಿಮನನ್ ನ್ಯೂಯಾರ್ಕಿನ ಪ್ಯಾಲೇಡಿಯಂ ವೇದಿಕೆಗೆ ಬಾಸನ್ನು ಅಪ್ಪಳಿಸುತ್ತಿದ್ದಾನೆ. ಚಿತ್ರ ಮಸುಕಾಗಿದೆ, ಬಳಸಬೇಡಿ ಎಂದದ್ದು ತೆಗೆದ ಪೆನಿ ಸ್ಮಿತ್ ಅವರೇ. ಬಳಸಿದ್ದು ಒಳ್ಳೆಯದಾಯಿತು.

ಬಾಗಲಕೋಟೆಯಲ್ಲಿ ಊಟ: ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಇಲ್ಲಿಂದ ವಿಜಯಪುರಕ್ಕೆ ಸುಮಾರು 85 ಕಿಲೋಮೀಟರ್, ಪಾಲಿಗೆ ಉಳಿದಿರುವುದು ‘ಸ್ಯಾಂಡಿನಿಸ್ಟಾ!’. 1980ರ ಡಿಸೆಂಬರಿನಲ್ಲಿ ಬಂದ ಮೂರು ತಟ್ಟೆ, ಆರು ಮುಖ, ಮುಖಕ್ಕೆ ಆರರಂತೆ 36 ಹಾಡು, 144 ನಿಮಿಷ. ಬೆಲೆ ಕಡಿಮೆ ಇಡಿಸಲು ಬ್ಯಾಂಡ್ ಮೊದಲ ಎರಡು ಲಕ್ಷ ಪ್ರತಿಗಳ ರಾಯಲ್ಟಿಯನ್ನೇ ಬಿಟ್ಟುಕೊಟ್ಟಿತು. ಒಂದೇ ತಟ್ಟೆಗೆ ಇಳಿಸಬೇಕಿತ್ತು ಎನ್ನುವವರು ಅಂದಿನಿಂದ ಇದ್ದಾರೆ. ಈ ರಸ್ತೆಯಲ್ಲಿ ಆ ಮಾತು ನಿಲ್ಲುವುದಿಲ್ಲ. ಎರಿ ಹೊಲ, ಜೋಳ, ಆಕಾಶ. ಕೊರ್ತಿ-ಕೊಲ್ಹಾರ ಸೇತುವೆಯ ಎರಡೂ ಕಡೆ ಕೃಷ್ಣೆಯ ಹಿನ್ನೀರು. ಇಷ್ಟು ಬಯಲಿಗೆ 144 ನಿಮಿಷ ಉದ್ದವಲ್ಲ. ಐದು ಮುಖ ಮಾತ್ರ ಕೇಳಿ, ಆರನೆಯದನ್ನು ಉಳಿಸಿಕೊಳ್ಳಬೇಕು. ಆ ಮುಖದ ಬಹುಪಾಲು ಡಬ್: ಹಾಡಿನಿಂದ ಕಂಠ, ಗಿಟಾರ್ ಕಳಚಿ, ಬಾಸ್ ಮತ್ತು ಡ್ರಮ್ಸ್ ಉಳಿಸಿ, ಅಲ್ಲಲ್ಲಿ ಒಂದು ಚೂರನ್ನು ಪ್ರತಿಧ್ವನಿಗೆ ಬಿಡುವ ಜಮೈಕಾದ ಕಲೆ. ಜಮೈಕಾದವನೇ ಆದ ಮೈಕಿ ಡ್ರೆಡ್ ಅದಕ್ಕೆ ಕೈ ಹಾಕಿದ್ದಾನೆ.

ಅದರ ಪಾಠ ಇರುವುದು ಗೋಳಗುಮ್ಮಟದಲ್ಲಿ. ರಾತ್ರಿ ವಿಜಯಪುರದಲ್ಲಿ ಉಳಿದು, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಹೋಗಬೇಕು. ಶಾಲಾ ಮಕ್ಕಳ ಬಸ್ಸು ಬಂದ ಮೇಲೆ ಕೂಗು, ಸಿಳ್ಳೆ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಗುಮ್ಮಟದ ಬುಡದ ಪಿಸುಮಾತಿನ ಗ್ಯಾಲರಿಗೆ ಹತ್ತುವ ಮೂಲೆಗೋಪುರ ಏಳು ಅಂತಸ್ತು, ಮೆಟ್ಟಿಲು ಕಿರಿದು, ಕಡಿದು. ಸ್ಪೀಕರ್ ಒಯ್ಯಬಾರದು. ಇದು ಸಂರಕ್ಷಿತ ಸ್ಮಾರಕ, ಮೇಲಾಗಿ ಮಹಮ್ಮದ್ ಆದಿಲ್‌ಶಾಹನ ಗೋರಿ. ಎರಡು ಅಂಗೈ ಸಾಕು.

ಲೆಕ್ಕ ಇಷ್ಟು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಆದ್ದರಿಂದ ಸುತ್ತಳತೆ 119 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಗೋಡೆಗುಂಟ ತೆವಳಿ ಒಂದು ಸುತ್ತು ಬರಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, 0.35 ಎನ್ನಿ. ಈಗ ಗೋಡೆಗೆ ಹತ್ತಿರ ನಿಂತು, ನಿಮಿಷಕ್ಕೆ 85ರ ಲಯದಲ್ಲಿ, ಅಂದರೆ ನಿಧಾನ ರೆಗ್ಗೆಯ ನಡಿಗೆಯಲ್ಲಿ, ಮೆಲ್ಲಗೆ ಚಪ್ಪಾಳೆ ತಟ್ಟಿ. ಎರಡು ಪೆಟ್ಟಿನ ನಡುವೆ 0.7 ಸೆಕೆಂಡ್. ಸುತ್ತಿ ಬಂದ ಸದ್ದು ಬೀಳುವುದು ಸರಿಯಾಗಿ ನಟ್ಟನಡುವೆ, ರೆಗ್ಗೆ ಗಿಟಾರ್ ಕತ್ತರಿಸುವ ಆಫ್‌ಬೀಟಿನ ಜಾಗದಲ್ಲಿ. ನಿಮ್ಮ ತಾಳಕ್ಕೆ ಗುಮ್ಮಟ ಸಾಥ್ ಕೊಡುತ್ತದೆ. ಇನ್ನು 180ರ ವೇಗದಲ್ಲಿ, 1977ರ ಪಂಕ್ ವೇಗದಲ್ಲಿ ತಟ್ಟಿ. ಪೆಟ್ಟುಗಳ ಅಂತರ 0.33 ಸೆಕೆಂಡ್, ಹಿಂದಿನ ಪೆಟ್ಟಿನ ಮರುದನಿ ಮುಂದಿನದರ ಮೈಮೇಲೆ ಬೀಳುತ್ತದೆ, ಅಡ್ಡ ಹಾಯ್ದು ಬರುವ ಸದ್ದುಗಳೂ ಸೇರಿ ನಾಲ್ಕನೆಯ ಪೆಟ್ಟಿಗೆ ಎಲ್ಲ ರಾಡಿ. ಜೋರಾಗಿ ತಟ್ಟಿದರೂ ಕೆಡುತ್ತದೆ, ಏಕೆಂದರೆ ಇಲ್ಲಿ ಪ್ರತಿಧ್ವನಿ ಒಮ್ಮೆಗೆ ನಿಲ್ಲುವುದಿಲ್ಲ, ಏಳೆಂಟು ಸಲ ಮರಳುತ್ತದೆ. ವೇಗದ ತಾಳ ಗುಮ್ಮಟಕ್ಕೆ ಏನನ್ನೂ ಬಿಟ್ಟುಕೊಡುವುದಿಲ್ಲ. ನಿಧಾನದ್ದು ಬಿಟ್ಟುಕೊಡುತ್ತದೆ, ಗುಮ್ಮಟ ಅದನ್ನು ತುಂಬುತ್ತದೆ.

ಕೆಳಗಿಳಿದು ಹುಲ್ಲುಹಾಸಿನ ಅಂಚಿಗೆ ಕೂತು, ಇಯರ್‌ಫೋನಿನಲ್ಲಿ ಆ ಆರನೆಯ ಮುಖ ಕೇಳಬೇಕು. ಒಂದೇ ಒಂದು ಗಿಟಾರ್ ಪೆಟ್ಟು ಎದ್ದು, ಸುತ್ತಿ ಸುತ್ತಿ ಕರಗುವಾಗ ಅದು ಯಂತ್ರದ ಚಮತ್ಕಾರ ಎನಿಸುವುದಿಲ್ಲ, ಒಂದು ಕಟ್ಟಡದ ಹಾಗೆ ಕೇಳುತ್ತದೆ. ಸಮಯವಿದ್ದರೆ ತೊರವಿಗೆ ಹೋಗಿ ನವರಸಪುರದ ಸಂಗೀತ ಮಹಲಿನ ಅವಶೇಷ ನೋಡಬಹುದು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕನಸಿನ ಊರು ಅದು.

ಮರಳುವಾಗ ‘ಕಾಂಬ್ಯಾಟ್ ರಾಕ್’, 46 ನಿಮಿಷ. ಕೊಲ್ಹಾರ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ. ಇದರಲ್ಲಿ ಹೆಚ್ಚು ಜನ ಬಲ್ಲ ಹಾಡುಗಳಲ್ಲೊಂದಾದ ‘ರಾಕ್ ದ ಕಾಸ್ಬಾ’ದ ಡ್ರಮ್ಸ್, ಪಿಯಾನೋ, ಬಾಸ್ ಮೂರನ್ನೂ ಟಾಪರ್ ಒಬ್ಬನೇ ನುಡಿಸಿದ್ದಾನೆ. 1982ರ ಮೇ ತಿಂಗಳಲ್ಲಿ ಆಲ್ಬಮ್ ಅಂಗಡಿಗೆ ಬರುವ ಹೊತ್ತಿಗೇ, ಹೆರಾಯಿನ್ ಚಟದ ಕಾರಣಕ್ಕೆ ಅವನನ್ನು ಹೊರಹಾಕಿದರು. ಮರುವರ್ಷ ಮಿಕ್ ಜೋನ್ಸ್‌ನನ್ನೂ. ತಡೆಹಿಡಿಯಲು ಬಲ್ಲವನು ಹೋದ ಮೇಲೆ ಖಾಲಿ ಜಾಗ ಬರೀ ಖಾಲಿಯಾಯಿತು. 1985ರ ಕೊನೆಯ ಆಲ್ಬಮನ್ನು ಈ ದಾರಿಗೆ ತರಬೇಕಿಲ್ಲ.

ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಮೊಸರು ಕೊಳ್ಳದೆ ಮುಂದೆ ಹೋಗಬಾರದು. ಗಡಿಗೆಯ ಮೈ ನೀರು ಹೀರುವುದರಿಂದ ಅದು ಅಷ್ಟು ಗಟ್ಟಿ. ಡಿಕ್ಕಿಯಲ್ಲಿ ಇಟ್ಟರೆ ಬಿಸಿಗೆ ಬಾಗಲಕೋಟೆಯೊಳಗೇ ಹುಳಿಯಾಗುತ್ತದೆ. ಒದ್ದೆ ಬಟ್ಟೆ ಸುತ್ತಿ ಕಾಲಡಿ ಇಟ್ಟುಕೊಂಡರೆ ಬೆಳಗಾವಿಯ ರಾತ್ರಿಯೂಟಕ್ಕೆ ತಲುಪುತ್ತದೆ.